ಮೇಲ್ಸೇತುವೆಯ ಮೇಲೋ, ಕೆಳಗೋ: ವಾಹನಕ್ಕೆ ತನ್ನ ಜಾಗ ಗೊತ್ತಾಗುವುದು ಹೇಗೆ?

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಲೆಕ್ಕಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಓಡಾಡಿದವರಿಗೆ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರದ ರಸ್ತೆ ಗೊತ್ತಿರುತ್ತದೆ. 2010ರಲ್ಲಿ ತೆರೆದದ್ದು, ಉದ್ದ ಸುಮಾರು 10 ಕಿಲೋಮೀಟರ್. ಮೇಲೊಂದು ರಸ್ತೆ, ಅದರ ನೆರಳಲ್ಲೇ ಕೆಳಗೊಂದು ರಸ್ತೆ. ಮ್ಯಾಪಿನಲ್ಲಿ ನೋಡಿದರೆ ಎರಡೂ ಒಂದರ ಮೇಲೊಂದು. ಮೇಲೆ ಹೋಗುತ್ತಿರುವ ಕಾರಿಗೆ "ಮುಂದೆ ಎಡಕ್ಕೆ ತಿರುಗಿ" ಅಂದರೆ ಏನು ಪ್ರಯೋಜನ? ಎಡಕ್ಕೆ ಇರುವುದು ತಡೆಗೋಡೆ. ಕೆಳಗೆ ಸಿಗ್ನಲ್‌ನಲ್ಲಿ ನಿಂತಿರುವ ಆಂಬುಲೆನ್ಸನ್ನು ಕಂಟ್ರೋಲ್ ರೂಮಿನವರು ಮೇಲೆ ಇದೆ ಅಂದುಕೊಂಡರೆ, ಅದು ಆಸ್ಪತ್ರೆ ಮುಟ್ಟುವ ಹೊತ್ತಿನ ಲೆಕ್ಕವೇ ತಪ್ಪಿಹೋಗುತ್ತದೆ.

ಇವತ್ತು ನಾನು ಮಾತಾಡುವುದು ಇದರ ಬಗ್ಗೆಯೇ. ವಾಹನಕ್ಕೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಆ ಉತ್ತರವನ್ನು ಎಷ್ಟು ನಂಬಬಹುದು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಈ ಎರಡನೇ ಪ್ರಶ್ನೆಯನ್ನು ಜನ ಕೇಳುವುದೇ ಕಡಿಮೆ. ನನ್ನ ಪ್ರಕಾರ ಅದೇ ದೊಡ್ಡದು.

ಮೊದಲು ಉಪಗ್ರಹದ ಕಡೆಯಿಂದ ಬರೋಣ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅವು ನಮ್ಮನ್ನು ನೋಡುವುದಿಲ್ಲ, ನಮ್ಮ ಜಾಗ ಅವಕ್ಕೆ ಗೊತ್ತೂ ಇಲ್ಲ. "ನಾನು ಇಂಥ ಕಡೆ ಇದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಹೊತ್ತು" ಅಂತ ಸಾರುತ್ತಾ ಹೋಗುವುದಷ್ಟೇ ಅವುಗಳ ಕೆಲಸ. ಆ ಮಾತು ನಮ್ಮನ್ನು ಮುಟ್ಟುವುದಕ್ಕೆ ಒಂದು ಸೆಕೆಂಡಿನ 15ನೇ ಒಂದು ಭಾಗದಷ್ಟು ಸಮಯ ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಅನ್ನುವುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಅಂತ ರಿಸೀವರ್ ಲೆಕ್ಕ ಹಾಕುತ್ತದೆ. ಮೂರು ದೂರ ಸಿಕ್ಕರೆ ಜಾಗ ಸಿಗಬೇಕು. ಆದರೆ ನಮ್ಮ ಕೈಲಿರುವ ಗಡಿಯಾರ ಅಗ್ಗದ್ದು. ಅದರ ತಪ್ಪನ್ನೂ ಕಂಡುಹಿಡಿಯಬೇಕಾದ್ದರಿಂದ ನಾಲ್ಕನೇ ಉಪಗ್ರಹ ಬೇಕು.

ಇಲ್ಲಿ ಸಮಯ ಅಂದರೆ ದೂರ. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪು. ಐನ್‌ಸ್ಟೈನ್ ಹೇಳಿದ ಪರಿಣಾಮಗಳಿಂದ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ 11 ಕಿಲೋಮೀಟರ್‌ನಷ್ಟು ಕೆಡುತ್ತದೆ. ಇಷ್ಟು ಸೂಕ್ಷ್ಮದ ವ್ಯವಸ್ಥೆ ದಿನದ 24 ಗಂಟೆಯೂ, ಪುಕ್ಕಟೆಯಾಗಿ, ಭೂಮಿಯ ಮೇಲಿನ ಎಲ್ಲರಿಗೂ ಕೆಲಸ ಮಾಡುತ್ತಿದೆ. ನನಗೆ ಇದು ಇವತ್ತಿಗೂ ಅಚ್ಚರಿಯೇ.

ಆದರೆ ಆ ಸಿಗ್ನಲ್ ತುಂಬಾ ಬಡಕಲು. ನೆಲಕ್ಕೆ ಬರುವಷ್ಟರಲ್ಲಿ ಅದರ ಶಕ್ತಿ ಎಷ್ಟಿರುತ್ತದೆ ಗೊತ್ತಾ? ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿ. ಅದಕ್ಕಿಂತಲೂ ಕಡಿಮೆ. ಕಾಂಕ್ರೀಟು ದಾಟಲು ಆಗುವುದಿಲ್ಲ. ಸುರಂಗಕ್ಕೆ ಬರುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ದಟ್ಟ ಮರಗಳ ಕೆಳಗೆ ಸೊರಗಿಹೋಗುತ್ತದೆ. ಸಣ್ಣದೊಂದು ಜಾಮರ್ ಸಾಕು ಇದನ್ನು ಮುಳುಗಿಸಲು. ಅಮೆರಿಕದಲ್ಲಿ ಒಬ್ಬ ಚಾಲಕ, ಕಂಪನಿಯವರಿಗೆ ತಾನು ಎಲ್ಲಿದ್ದೇನೆ ಅಂತ ತಿಳಿಯಬಾರದು ಅಂತ ತನ್ನ ಟ್ರಕ್ಕಿನಲ್ಲಿ ಒಂದು ಜಾಮರ್ ಇಟ್ಟುಕೊಂಡಿದ್ದ. ಅವನ ದಾರಿ ನ್ಯೂವಾರ್ಕ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಹೋಗುತ್ತಿತ್ತು. ಅಲ್ಲಿ ವಿಮಾನ ಇಳಿಸಲು ನೆರವಾಗುವ ಹೊಸ ಉಪಕರಣಕ್ಕೇ ಅದರಿಂದ ತೊಂದರೆಯಾಯಿತು. 2013ರಲ್ಲಿ ಅವನಿಗೆ ಸುಮಾರು 32 ಸಾವಿರ ಡಾಲರ್ ದಂಡ ಹಾಕಿದರು.

ಸಿಗ್ನಲ್ ಪೂರ್ತಿ ಹೋದರೆ ಒಂದು ರೀತಿಯಲ್ಲಿ ವಾಸಿ, ಹೋಯಿತು ಅಂತ ಗೊತ್ತಾಗುತ್ತದೆ. ಅರ್ಧಂಬರ್ಧ ಬರುವುದೇ ಅಪಾಯ. ಎತ್ತರದ ಕಟ್ಟಡಗಳ ನಡುವೆ ನೇರ ದಾರಿ ಮುಚ್ಚಿಕೊಂಡಿರುತ್ತದೆ, ಎದುರಿನ ಗಾಜಿನ ಗೋಡೆಗೆ ಬಡಿದು ಬಂದ ಸಿಗ್ನಲ್ ಮಾತ್ರ ಸಿಗುತ್ತದೆ. ಅದು ಬಳಸಿ ಬಂದದ್ದು, ಹಾಗಾಗಿ ದೂರ ಜಾಸ್ತಿ ಕಾಣುತ್ತದೆ. ರಿಸೀವರ್ ಅದನ್ನೇ ನಂಬಿ ನಿಮ್ಮನ್ನು ಪಕ್ಕದ ರಸ್ತೆಗೆ ತಳ್ಳುತ್ತದೆ. ಎಂ.ಜಿ. ರಸ್ತೆ ಕಡೆ ಕ್ಯಾಬ್‌ಗೆ ಕಾಯುವಾಗ ಡ್ರೈವರ್ ಫೋನ್ ಮಾಡಿ "ಎಲ್ಲಿದ್ದೀರಾ ಸಾರ್, ನಾನು ಲೊಕೇಶನ್‌ನಲ್ಲೇ ಇದ್ದೀನಿ" ಅನ್ನುವುದನ್ನು ನೀವೆಲ್ಲ ಕೇಳಿರುತ್ತೀರಿ. ಬಹಳ ಸಲ ಅಲ್ಲಿ ಯಾರದೂ ತಪ್ಪಿರುವುದಿಲ್ಲ.

ಈಗ ಇನ್ನೊಂದು ಬಗೆಯ ಸಾಧನಕ್ಕೆ ಬರೋಣ. ಇದಕ್ಕೆ ಆಕಾಶ ಬೇಕಿಲ್ಲ, ಸಿಗ್ನಲ್ ಬೇಕಿಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ ಬಂದು ರೂಢಿಯಾದವರನ್ನು ನೋಡಿ. ಪರದೆ ಎಳೆದು ಕಣ್ಣು ಮುಚ್ಚಿ ಮಲಗಿದ್ದರೂ, ಮೈ ಎಡಕ್ಕೂ ಬಲಕ್ಕೂ ವಾಲಲು ಶುರುವಾದ ಕೂಡಲೇ "ಸಕಲೇಶಪುರ ದಾಟಿತು, ಘಾಟಿ ಬಂತು" ಅನ್ನುತ್ತಾರೆ. ಒಳಗಿವಿಯಲ್ಲಿರುವ ಪುಟ್ಟ ಅಂಗ ತಿರುವನ್ನೂ ಎಳೆತವನ್ನೂ ಹಿಡಿಯುತ್ತದೆ, ತಲೆ ಲೆಕ್ಕ ಇಡುತ್ತದೆ. ಆಗಾಗ ಪರದೆ ಸರಿಸಿ ಒಂದು ಬೋರ್ಡ್ ನೋಡಿದರೆ ಆ ಲೆಕ್ಕ ಸರಿಹೋಗುತ್ತದೆ. ವಾಹನದಲ್ಲಿ ನಾವು ಮಾಡುವುದೂ ಇದನ್ನೇ. ತಿರುವಿನ ವೇಗವನ್ನು ಅಳೆಯುವುದು ಜೈರೋ. ಎಳೆತವನ್ನು ಅಳೆಯುವುದು ಆಕ್ಸೆಲೆರೋಮೀಟರ್. ಮೂರು ದಿಕ್ಕಿಗೆ ಮೂರು ಮೂರು. ಎಲ್ಲ ಸೇರಿ ಉಗುರಿಗಿಂತ ಚಿಕ್ಕ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಕೂತಿರುತ್ತವೆ. ಇವೇ ಇನರ್ಷಿಯಲ್ ಸೆನ್ಸರುಗಳು.

ಈ ಯೋಚನೆ ಜಿಪಿಎಸ್‌ಗಿಂತ ಹಳೆಯದು. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಮತ್ತು ಸಂಗಡಿಗರು 1953ರಲ್ಲಿ ಒಂದು ಬಿ-29 ವಿಮಾನವನ್ನು ಇಂಥ ಉಪಕರಣದ ಲೆಕ್ಕದ ಮೇಲೆ ಅಮೆರಿಕದ ಪೂರ್ವ ತೀರದಿಂದ ಲಾಸ್ ಏಂಜಲಿಸ್‌ವರೆಗೆ ಹಾರಿಸಿದರು. ಕಾರಿಗೆ ಅದನ್ನು ಮೊದಲು ತಂದದ್ದು ಹೋಂಡಾ, 1981ರಲ್ಲಿ. ಆಗ ಕಾರಿಗೆ ಉಪಗ್ರಹದ ಸಹಾಯ ಎಲ್ಲಿಂದ ಬರಬೇಕು? ಹೀಲಿಯಂ ಅನಿಲ ತುಂಬಿದ ಒಂದು ಜೈರೋ, ಚಕ್ರದ ಲೆಕ್ಕ, ಒಂದು ಪುಟ್ಟ ಪರದೆ. ಆ ಪರದೆ ಮೇಲೆ ಪಾರದರ್ಶಕ ಹಾಳೆಯಲ್ಲಿ ಅಚ್ಚಾದ ಮ್ಯಾಪನ್ನು ಚಾಲಕರೇ ಕೈಯಲ್ಲಿ ಸೇರಿಸಬೇಕಿತ್ತು. ನಾಲ್ಕು ವರ್ಷ ಬಿಟ್ಟು ಕ್ಯಾಲಿಫೋರ್ನಿಯಾದ ಇಟ್ಯಾಕ್ ಕಂಪನಿ ಇನ್ನೊಂದು ಹೆಜ್ಜೆ ಇಟ್ಟಿತು. ಮ್ಯಾಪು ಕ್ಯಾಸೆಟ್ಟಿನಲ್ಲಿ. ಚಕ್ರದ ಸೆನ್ಸರ್ ಮತ್ತು ದಿಕ್ಸೂಚಿಯ ಲೆಕ್ಕ ಸ್ವಲ್ಪ ಅತ್ತಿತ್ತ ಆದರೆ ಕಾರು ರಸ್ತೆ ಮೇಲೇ ಇರಬೇಕು ಅಲ್ವಾ ಅಂತ ಮ್ಯಾಪಿನ ಗೆರೆಗೆ ತಂದು ಕೂರಿಸುತ್ತಿತ್ತು. ಇವತ್ತು ನಿಮ್ಮ ಫೋನಿನ ಮ್ಯಾಪ್ ಮಾಡುವ ಕೆಲಸದ ಬೇರು ಅಲ್ಲಿದೆ.

ಹಾಗಾದರೆ ಇನರ್ಷಿಯಲ್ ಒಂದೇ ಸಾಕಲ್ವಾ? ಸಾಕಾಗುವುದಿಲ್ಲ. ಯಾಕೆ ಅಂತ ಇಲ್ಲೇ ತೋರಿಸುತ್ತೇನೆ.

(ಇಲ್ಲಿ ನನ್ನ ಫೋನನ್ನು ಮೇಜಿನ ಮೇಲೆ ಮಲಗಿಸಿ, ಅದರ ಸೆನ್ಸರ್ ಓದುವ ಆ್ಯಪ್ ತೆರೆದು ದೊಡ್ಡ ಪರದೆಗೆ ಹಾಕಿದ್ದೆ.)

ಫೋನು ಅಲುಗಾಡುತ್ತಿಲ್ಲ. ಆದರೂ ಆಕ್ಸೆಲೆರೋಮೀಟರ್ ಮೇಲ್ಮುಖವಾಗಿ 9.8ರ ಹತ್ತಿರ ತೋರಿಸುತ್ತಿದೆ (ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಏರುತ್ತದೆ ಅನ್ನುವ ಲೆಕ್ಕ ಇದು). ಮೇಜು ಅದನ್ನು ಮೇಲಕ್ಕೆ ತಳ್ಳುತ್ತಿದೆ, ಅದನ್ನೇ ಅದು ಅಳೆಯುತ್ತಿದೆ. ಗುರುತ್ವದ ಲೆಕ್ಕವನ್ನು ಕಳೆದರೆ ಮಾತ್ರ ನಿಜವಾದ ಚಲನೆ ಉಳಿಯುತ್ತದೆ. ಈಗ ಫೋನಿನ ತಲೆಯ ಕೆಳಗೆ ಒಂದು ರೂಪಾಯಿಯ ಎರಡು ನಾಣ್ಯ ಇಡುತ್ತೇನೆ. ಫೋನು ಸುಮಾರು 1 ಡಿಗ್ರಿ ವಾಲಿತು. ಉದ್ದದ ದಿಕ್ಕಿನಲ್ಲಿ 0.17 ಬಂತು ನೋಡಿ. ಫೋನು ವಾಲಿದೆ ಅಂತ ನಮಗೆ ಕಾಣುತ್ತಿದೆ. ಆದರೆ ವಾಲಿರುವುದು ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಅದು ಏನು ಅಂದುಕೊಳ್ಳುತ್ತದೆ? ಫೋನು ವೇಗ ಹೆಚ್ಚಿಸಿಕೊಳ್ಳುತ್ತಿದೆ ಅಂತ. ಒಂದು ನಿಮಿಷ ಬಿಟ್ಟು ಕೇಳಿದರೆ "ಗಂಟೆಗೆ 37 ಕಿಲೋಮೀಟರ್ ವೇಗದಲ್ಲಿದ್ದೇನೆ, 300 ಮೀಟರ್ ದಾಟಿದೆ" ಅನ್ನುತ್ತದೆ. ಮೇಜಿನ ಮೇಲೆ ಸುಮ್ನೆ ಬಿದ್ದಿರುವ ಫೋನು!

ಎರಡು ನಾಣ್ಯದ ದಪ್ಪ ಇಷ್ಟು ಮಾಡಿತು. ವಾಹನದಲ್ಲಿ ವಾಲಿಕೆಯನ್ನು ಲೆಕ್ಕ ಇಡುವುದು ಜೈರೋ. ಅಗ್ಗದ ಜೈರೋ ನಿಂತಲ್ಲೇ ನಿಂತಿದ್ದರೂ ಸ್ವಲ್ಪ ತಿರುಗುತ್ತಿದ್ದೇನೆ ಅನ್ನುತ್ತಿರುತ್ತದೆ. ಆ ತಪ್ಪು ಗಂಟೆಗೆ 10 ಡಿಗ್ರಿ ಅಂತ ಇಟ್ಟುಕೊಳ್ಳಿ, ಅಗ್ಗದ ಚಿಪ್ಪಿಗೆ ಅದು ಒಳ್ಳೆಯ ಅಂಕವೇ. ಆ ತಪ್ಪು ವಾಲಿಕೆಯ ತಪ್ಪಾಗುತ್ತದೆ, ವಾಲಿಕೆ ವೇಗದ ತಪ್ಪಾಗುತ್ತದೆ, ವೇಗ ದೂರದ ತಪ್ಪಾಗುತ್ತದೆ. ಒಂದು ನಿಮಿಷಕ್ಕೆ 17 ಮೀಟರ್. ಪರವಾಗಿಲ್ಲ ಅನ್ನಿಸುತ್ತದೆ. ಹತ್ತು ನಿಮಿಷಕ್ಕೆ? 170 ಅಲ್ಲ. ಸಮಯ ಹತ್ತು ಪಟ್ಟಾದರೆ ಈ ತಪ್ಪು ಸಾವಿರ ಪಟ್ಟಾಗುತ್ತದೆ. ಸುಮಾರು 17 ಕಿಲೋಮೀಟರ್.

ವಿಮಾನಗಳಲ್ಲಿ ಇರುವ ದುಬಾರಿ ಜೈರೋಗಳು ಗಂಟೆಗೆ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮಾತ್ರ ತಪ್ಪುತ್ತವೆ. ಭೂಮಿಯೇ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ಲ, ಅದನ್ನೂ ಅವು ಹಿಡಿಯಬಲ್ಲವು. ಇಸ್ರೋದ ರಾಕೆಟ್ಟುಗಳಿಗೆ ಬೇಕಾದ ಇಂಥ ಉಪಕರಣ ಮಾಡುವುದಕ್ಕೆಂದೇ ತಿರುವನಂತಪುರದಲ್ಲಿ ಒಂದು ಘಟಕ ಇದೆ. ಆದರೆ ಒಂದು ಬಸ್ಸಿಗೆ, ಒಂದು ಆಟೋಗೆ ಅದನ್ನು ಹಾಕಿಸಲು ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಅಗ್ಗದ ಚಿಪ್ಪೇ. ಅದರಿಂದಲೇ ಕೆಲಸ ತೆಗೆಯಬೇಕು.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಉಪಗ್ರಹದ ಲೆಕ್ಕ ಕ್ಷಣ ಕ್ಷಣಕ್ಕೂ ಕುಣಿಯುತ್ತದೆ, ಆದರೆ ಗಂಟೆಗಟ್ಟಲೆ ಬಿಟ್ಟರೂ ದೂರ ಓಡಿಹೋಗುವುದಿಲ್ಲ. ಇನರ್ಷಿಯಲ್ ಲೆಕ್ಕ ಕ್ಷಣದ ಮಟ್ಟಿಗೆ ನುಣುಪು, ಸೆಕೆಂಡಿಗೆ ನೂರು ಸಲ ಕೇಳಿದರೂ ಉತ್ತರ ಕೊಡುತ್ತದೆ, ಹೊತ್ತು ಹೋದಂತೆ ಜಾರುತ್ತದೆ. ಒಂದರ ತಪ್ಪು ಇನ್ನೊಂದರ ತಪ್ಪಿನ ಹಾಗಿಲ್ಲ. ಒಂದೇ ಥರ ತಪ್ಪು ಮಾಡುವ ಎರಡು ಸಾಧನ ಸೇರಿಸಿ ಹೆಚ್ಚು ಪ್ರಯೋಜನವಿಲ್ಲ. ಬೇರೆ ಬೇರೆ ಥರ ತಪ್ಪು ಮಾಡುವವು ಸೇರಿದರೆ ಒಂದನ್ನು ಇನ್ನೊಂದು ಹಿಡಿಯುತ್ತದೆ.

ಸೇರಿಸುವುದು ಹೇಗೆ? ಸರಾಸರಿ ತೆಗೆದರೆ ಆಗಲ್ವಾ ಅಂತ ಕೇಳಬಹುದು. ಬರೀ ಸರಾಸರಿ ಸಾಕಾಗದು. ಯಾರ ಮಾತಿಗೆ ಎಷ್ಟು ತೂಕ ಅನ್ನುವುದು ಪ್ರತಿ ಕ್ಷಣ ಬದಲಾಗುತ್ತಿರುತ್ತದೆ. ಅದಕ್ಕೆ ದಾರಿ ತೋರಿಸಿದವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರುಡಾಲ್ಫ್ ಕಾಲ್ಮನ್. 1960ರಲ್ಲಿ ಅವರು ಬರೆದ ಪ್ರಬಂಧವನ್ನು ನಾಸಾದ ಸ್ಟ್ಯಾನ್ಲಿ ಶ್ಮಿಟ್ ಕೈಗೆತ್ತಿಕೊಂಡು ಚಂದ್ರನಲ್ಲಿಗೆ ಹೋಗುವ ಪಯಣದ ಲೆಕ್ಕಕ್ಕೆ ಹೊಂದಿಸಿದರು. ಅಪೊಲೋ ನೌಕೆಗಳ ದಾರಿ ಲೆಕ್ಕದಲ್ಲಿ ಇದ್ದ ಆ ತೂಗಿ ಸೇರಿಸುವ ವಿಧಾನವೇ, ಅಂದರೆ ಕಾಲ್ಮನ್ ಫಿಲ್ಟರೇ, ಇವತ್ತು ನಿಮ್ಮ ಕಾರಿನಲ್ಲೂ ಇದೆ.

ಒಂದು ಪುಟ್ಟ ಲೆಕ್ಕ ಮಾಡೋಣ. ಚಾಕ್‌ಪೀಸ್ ಸಾಕು, ಕಂಪ್ಯೂಟರ್ ಬೇಡ. ಕಾರು ತನ್ನ ಸೆನ್ಸರುಗಳ ಲೆಕ್ಕದಿಂದ "ನಾನು ಇಲ್ಲಿದ್ದೇನೆ, 3 ಮೀಟರ್ ಹೆಚ್ಚುಕಮ್ಮಿ" ಅನ್ನುತ್ತಿದೆ. ಉಪಗ್ರಹದ ಲೆಕ್ಕ 5 ಮೀಟರ್ ಮುಂದೆ ತೋರಿಸುತ್ತಿದೆ, ಆದರೆ ಅದಕ್ಕೆ ತನ್ನ ಮೇಲೆ ಇರುವ ಅನುಮಾನ 6 ಮೀಟರ್. ಅನುಮಾನದ ವರ್ಗ ತೆಗೆದರೆ 9 ಮತ್ತು 36, ಕೂಡಿದರೆ 45. ಉಪಗ್ರಹದ ಕಡೆ ಸರಿಯಬೇಕಾದದ್ದು 45ರಲ್ಲಿ 9 ಪಾಲು, ಅಂದರೆ ಐದನೇ ಒಂದು. 5 ಮೀಟರಿನಲ್ಲಿ 1 ಮೀಟರ್ ಸರಿದರೆ ಆಯಿತು. ಹಾಗೆ ಸರಿದ ಮೇಲೆ ಹೊಸ ಅನುಮಾನ ಸುಮಾರು 2.7 ಮೀಟರ್. ಗಮನಿಸಿ, ಇದು ಇಬ್ಬರಲ್ಲಿ ಯಾರ ಅನುಮಾನಕ್ಕಿಂತಲೂ ಕಡಿಮೆ. ತನಗಿಂತ ಕೆಟ್ಟ ಅಳತೆಯಿಂದಲೂ ಒಳ್ಳೆಯ ಅಳತೆಗೆ ಲಾಭವೇ ಆಯಿತು.

ಇದೇ ಕಾರು ಒಂದು ಉದ್ದದ ಸುರಂಗ ದಾಟಿ ಹೊರಗೆ ಬಂತು ಅನ್ನಿ. ಈಗ ಅದರ ಸ್ವಂತ ಅನುಮಾನ 40 ಮೀಟರಿಗೆ ಏರಿದೆ. ಉಪಗ್ರಹದ್ದು ಅದೇ 6. ಅದೇ ಲೆಕ್ಕ ಹಾಕಿದರೆ ಉಪಗ್ರಹದ ಕಡೆಗೆ ನೂರಕ್ಕೆ 98ರಷ್ಟು ಸರಿಯಬೇಕು. ಯಾರೂ ಬಂದು "ಈಗ ಉಪಗ್ರಹವನ್ನು ಜಾಸ್ತಿ ನಂಬು" ಅಂತ ಹೇಳಬೇಕಾಗಿಲ್ಲ. ಅನುಮಾನದ ಲೆಕ್ಕ ಸರಿ ಇಟ್ಟುಕೊಂಡಿದ್ದರೆ ಅದೇ ತೂಕ ಹಾಕುತ್ತದೆ.

ಇನ್ನೂ ಒಂದು ಸೊಗಸು ಇದೆ. ಆಕಾಶ ತೆರೆದಿರುವಾಗ ಫಿಲ್ಟರ್ ಬರೀ ಜಾಗ ತಿದ್ದುವುದಿಲ್ಲ. ತಪ್ಪು ಎಲ್ಲಿಂದ ಬಂತು ಅಂತಲೂ ಹುಡುಕುತ್ತದೆ. "ನನ್ನ ಜೈರೋ ಬಲಕ್ಕೆ ಇಷ್ಟು ಎಳೆಯುತ್ತಿದೆ", "ಈ ಆಕ್ಸೆಲೆರೋಮೀಟರ್ ಇಷ್ಟು ಜಾಸ್ತಿ ಹೇಳುತ್ತಿದೆ" ಅಂತ ಒಂದೊಂದರ ಚಾಳಿಯನ್ನೂ ಕಲಿತುಕೊಳ್ಳುತ್ತದೆ. ಸಾಮಾನ್ಯವಾಗಿ ಹದಿನೈದು ಸಂಗತಿಗಳ ಲೆಕ್ಕ ಅದರ ತಲೆಯಲ್ಲಿ ಓಡುತ್ತಿರುತ್ತದೆ: ಜಾಗಕ್ಕೆ ಮೂರು, ವೇಗಕ್ಕೆ ಮೂರು, ವಾಲಿಕೆ-ದಿಕ್ಕಿಗೆ ಮೂರು, ಎರಡು ಬಗೆಯ ಸೆನ್ಸರುಗಳ ತಪ್ಪಿಗೆ ಮೂರು ಮೂರು. ಸುರಂಗದ ಕತ್ತಲೆಗೆ ಬೇಕಾದ ಪಾಠವನ್ನು ಬಿಸಿಲಲ್ಲೇ ಕಲಿತಿರಬೇಕು. ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದ್ದ ಕಾರು ಎಸಿ ಹಾಕಿದ ಮೇಲೆ ತಣ್ಣಗಾಗುತ್ತಾ ಹೋದರೆ ಈ ಚಾಳಿ ಕೂಡ ಬದಲಾಗುತ್ತದೆ, ಹಾಗಾಗಿ ಕಲಿಯುವುದು ನಿಲ್ಲುವುದೇ ಇಲ್ಲ.

ರಸ್ತೆ ವಾಹನಕ್ಕೆ ವಿಮಾನಕ್ಕಿಲ್ಲದ ಕೆಲವು ಅನುಕೂಲಗಳಿವೆ. ಕಾರು ಪಕ್ಕಕ್ಕೆ ಹೋಗುವುದಿಲ್ಲ, ಹಾರುವುದೂ ಇಲ್ಲ. ಲೆಕ್ಕ ಏನೇ ಹೇಳಲಿ, ಪಕ್ಕದ ವೇಗ ಸೊನ್ನೆಯ ಹತ್ತಿರವೇ ಇರಬೇಕು. ಈ ಒಂದು ಸಾಲಿನ ಸಾಮಾನ್ಯ ಜ್ಞಾನ ಸೇರಿಸಿದರೆ ಜಾರುವಿಕೆ ಎಷ್ಟೋ ಕಡಿಮೆಯಾಗುತ್ತದೆ. ಎರಡನೆಯದು ಚಕ್ರ. ಎಬಿಎಸ್ ಬ್ರೇಕ್ ಇರುವ ವಾಹನದಲ್ಲಿ ಪ್ರತಿ ಚಕ್ರಕ್ಕೂ ವೇಗದ ಸೆನ್ಸರ್ ಇದ್ದೇ ಇರುತ್ತದೆ. ಆದರೆ ಟೈರ್ ಸವೆಯುತ್ತದೆ. ಹೊಸ ಟೈರಿನ ಮೈಮೇಲಿನ ಗೀರುಗಳ ಆಳ 8 ಮಿಲಿಮೀಟರ್, ಸವೆದದ್ದು ಒಂದೂವರೆ ಅಂದರೆ ಸುತ್ತಳತೆಯಲ್ಲಿ ನೂರಕ್ಕೆ ಎರಡರಷ್ಟು ವ್ಯತ್ಯಾಸ. ಹತ್ತು ಕಿಲೋಮೀಟರಿಗೆ 200 ಮೀಟರ್. ಇದನ್ನೂ ಫಿಲ್ಟರ್ ಕಲಿತುಕೊಳ್ಳುತ್ತದೆ. ಮೂರನೆಯದು ನನಗೆ ತುಂಬಾ ಇಷ್ಟ. ಕೆಂಪು ದೀಪಕ್ಕೆ ವಾಹನ ನಿಂತಾಗ ಅದರ ನಿಜವಾದ ವೇಗ ಸೊನ್ನೆ, ತಿರುವು ಸೊನ್ನೆ. ಆಗ ಜೈರೋ ಏನು ತೋರಿಸುತ್ತದೋ ಅಷ್ಟೂ ಅದರ ತಪ್ಪೇ. ಹಾಗಾಗಿ ಪ್ರತಿ ಸಿಗ್ನಲ್ಲೂ ಒಂದು ಪುಕ್ಕಟೆ ತಿದ್ದುಪಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಮಗೆ ಇದಕ್ಕೆ ಬರವಿಲ್ಲ.

ಇಷ್ಟೆಲ್ಲ ಸೇರಿದರೆ ಏನಾಗುತ್ತದೆ ನೋಡಿ. ಹಿಮಾಚಲದ ರೋಹ್ತಾಂಗ್ ಕೆಳಗಿನ ಅಟಲ್ ಸುರಂಗ 2020ರಲ್ಲಿ ತೆರೆಯಿತು. ಉದ್ದ 9.02 ಕಿಲೋಮೀಟರ್. ಗಂಟೆಗೆ 60ರ ವೇಗದಲ್ಲಿ ಹೋದರೆ ಒಂಬತ್ತು ನಿಮಿಷ ಉಪಗ್ರಹವೇ ಇಲ್ಲ. ಬರೀ ಅಗ್ಗದ ಇನರ್ಷಿಯಲ್ ಚಿಪ್ಪಿನ ಮೇಲೆ ಬಿಟ್ಟರೆ ಕಿಲೋಮೀಟರುಗಟ್ಟಲೆ ತಪ್ಪು. ಅದರ ಜೊತೆಗೆ ಆಕಾಶದ ಕೆಳಗೆ ಸರಿಯಾಗಿ ಕಲಿತ ಚಕ್ರದ ಲೆಕ್ಕ ಇದ್ದು, ಅದರಲ್ಲಿ ನೂರಕ್ಕೆ 0.3ರಷ್ಟು ಮಾತ್ರ ತಪ್ಪು ಉಳಿದಿದ್ದರೆ, ಆ ತುದಿಯಲ್ಲಿ ಮುಂದಕ್ಕೋ ಹಿಂದಕ್ಕೋ 27 ಮೀಟರ್. ಪಕ್ಕದ ತಪ್ಪನ್ನು ಮ್ಯಾಪು ನೋಡಿಕೊಳ್ಳುತ್ತದೆ, ಒಳಗೆ ಇರುವುದು ಒಂದೇ ರಸ್ತೆ.

ಆದರೆ ಅತಿ ಸೂಕ್ಷ್ಮವಾದ ಗಳಿಗೆ ಇರುವುದು ಸುರಂಗದಿಂದ ಹೊರಬಿದ್ದ ಕೂಡಲೇ. ಸುತ್ತ ಬೆಟ್ಟ. ಅರ್ಧ ಆಕಾಶ ಮುಚ್ಚಿದೆ. ಮೊದಲು ಸಿಕ್ಕ ಸಿಗ್ನಲ್ ಬಂಡೆಗೆ ಬಡಿದು ಬಂದದ್ದೂ ಆಗಿರಬಹುದು. "ಉಪಗ್ರಹ ಬಂತು, ನೂರಕ್ಕೆ 98 ಅದರ ಕಡೆ ಸರಿ" ಅಂದರೆ ಸಿದ್ಧವಾದ ತಪ್ಪಿಗೆ ಬೀಳುತ್ತೇವೆ. ಹಾಗಾಗಿ ಒಳ್ಳೆಯ ವ್ಯವಸ್ಥೆ ಉಪಗ್ರಹದ ಅಂತಿಮ ಉತ್ತರಕ್ಕಾಗಿ ಕಾಯುವುದಿಲ್ಲ. ಒಂದೊಂದು ಉಪಗ್ರಹದ ದೂರವನ್ನೂ ಬೇರೆ ಬೇರೆಯಾಗಿ ತೆಗೆದುಕೊಂಡು ತೂಗಿ ನೋಡುತ್ತದೆ. ನಾಲ್ಕು ಸಿಗದೆ ಎರಡೇ ಸಿಕ್ಕರೂ ಆ ಎರಡರಿಂದ ಸಿಗುವಷ್ಟು ಲಾಭ ಪಡೆಯುತ್ತದೆ. ಇದಕ್ಕೆ ಟೈಟ್ ಕಪ್ಲಿಂಗ್ ಅನ್ನುತ್ತಾರೆ. ಕೆಲಸ ಜಾಸ್ತಿ, ಆದರೆ ನಮ್ಮ ಘಾಟಿ, ನಮ್ಮ ಊರುಗಳಿಗೆ ಇದೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ತೂಗಿ ನೋಡುವುದು ಅಂದೆ. ಇಡೀ ವಿಷಯದ ತಿರುಳು ಅಲ್ಲಿದೆ. ಕಾರಿಗೆ 3 ಮೀಟರ್ ಅನುಮಾನ, ಉಪಗ್ರಹಕ್ಕೆ 6. ಇಬ್ಬರ ನಡುವೆ 5 ಮೀಟರ್ ವ್ಯತ್ಯಾಸ ಬಂದರೆ ಸಹಜ. 200 ಮೀಟರ್ ಬಂದರೆ? ಇಬ್ಬರದೂ ಸೇರಿದರೆ ಅನುಮಾನ 7 ಮೀಟರೂ ಆಗುವುದಿಲ್ಲ. 200 ಅಂದರೆ ಅದರ ಮೂವತ್ತು ಪಟ್ಟು. ಈ ಅಳತೆಯನ್ನು ಒಪ್ಪಬಾರದು, ಪಕ್ಕಕ್ಕಿಡಬೇಕು. ಜಾಮರ್ ಆಗಲಿ, ಸುಳ್ಳು ಸಿಗ್ನಲ್ ಕಳಿಸುವವರಾಗಲಿ, ಗಾಜಿನ ಗೋಡೆಯಾಗಲಿ, ಎಲ್ಲದಕ್ಕೂ ಮೊದಲ ಕಾವಲು ಇದೇ. ಆದರೆ ಇದರಲ್ಲೇ ಒಂದು ಗುಂಡಿಯೂ ಇದೆ. ಕಾರಿನ ಸ್ವಂತ ಲೆಕ್ಕವೇ ತಪ್ಪಿ, ಅದು "ನನಗೆ 3 ಮೀಟರ್ ಅನುಮಾನ ಅಷ್ಟೇ" ಅಂತ ಹಟ ಹಿಡಿದಿದ್ದರೆ ಏನಾಗುತ್ತದೆ? ನಿಜ ಹೇಳುವ ಉಪಗ್ರಹವನ್ನೂ ಒಂದೊಂದಾಗಿ ಹೊರಗೆ ಹಾಕುತ್ತಾ ಹೋಗುತ್ತದೆ. ತಪ್ಪು ಬೆಳೆಯುತ್ತದೆ, ಧೈರ್ಯ ಕಮ್ಮಿಯಾಗುವುದಿಲ್ಲ. ಪರದೆ ಮೇಲೆ ಬಾಣ ನುಣ್ಣಗೆ ಓಡುತ್ತಲೇ ಇರುತ್ತದೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಮೊದಲೇ ಎರಡನೇ ಪ್ರಶ್ನೆ ದೊಡ್ಡದು ಅಂದದ್ದು. ಸರಾಸರಿ ಎರಡು ಮೀಟರ್ ನಿಖರತೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಬಿಸಿಲಿನ ಬಯಲಲ್ಲಿ ಅದು ನಿಜವೂ ಇರಬಹುದು. ನನಗೆ ಬೇಕಾದದ್ದು ಸೇತುವೆ ಕೆಳಗೆ "ಈಗ ನನಗೆ 30 ಮೀಟರ್ ಅನುಮಾನ ಇದೆ" ಅಂತ ಒಪ್ಪಿಕೊಳ್ಳುವ ಪೆಟ್ಟಿಗೆ. ವಿಮಾನದವರು ಇದನ್ನು ಎಂದೋ ಕಲಿತಿದ್ದಾರೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. ಅದು ಜಿಪಿಎಸ್ ಲೆಕ್ಕವನ್ನು ತಿದ್ದಿ ಕಳಿಸುವುದರ ಜೊತೆಗೆ "ಈ ಉಪಗ್ರಹವನ್ನು ಈಗ ನಂಬಬೇಡಿ" ಅಂತ ಎಚ್ಚರಿಸುತ್ತದೆ. ರಸ್ತೆಯ ಮೇಲೂ ಅಂಥ ಪ್ರಾಮಾಣಿಕತೆ ಬರಬೇಕು.

ಈಗ ಹೊಸೂರು ರಸ್ತೆಗೆ ಬನ್ನಿ. ಕಾರು ಮೇಲೆ ಹೋಯಿತೋ, ಕೆಳಗೇ ಉಳಿಯಿತೋ? ಉಪಗ್ರಹದ ಲೆಕ್ಕದಲ್ಲಿ ಎತ್ತರದ ತಪ್ಪು ಸಾಮಾನ್ಯವಾಗಿ ಅಡ್ಡಡ್ಡ ತಪ್ಪಿಗಿಂತ ಜಾಸ್ತಿ, ಯಾಕೆಂದರೆ ಉಪಗ್ರಹಗಳೆಲ್ಲ ಮೇಲೇ ಇರುತ್ತವೆ, ಕೆಳಗಿನಿಂದ ಅಳೆಯಲು ಯಾರೂ ಇಲ್ಲ. ಹಾಗಾಗಿ ಅದನ್ನೊಂದೇ ಕೇಳಿದರೆ ಆಗದು. ಏರುದಾರಿಯನ್ನೇ ಗಮನಿಸೋಣ. ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರ‍್ಯಾಂಪ್ ಅಂದುಕೊಳ್ಳಿ. ಚಕ್ರ ಹೇಳುತ್ತದೆ: ವೇಗ ಬದಲಾಗಿಲ್ಲ. ಆಕ್ಸೆಲೆರೋಮೀಟರ್ ಹೇಳುತ್ತದೆ: ಮುಂದಕ್ಕೆ 0.39ರಷ್ಟು ಎಳೆತ ಇದೆ. ಎರಡೂ ನಿಜವಾಗಬೇಕಾದರೆ ಒಂದೇ ದಾರಿ, ಮೂಗು ಮೇಲಕ್ಕೆ ಎದ್ದಿದೆ. ಜೈರೋ ಕೂಡ "ಹೌದು, ಈಗಷ್ಟೇ ಎದ್ದಿತು" ಅನ್ನುತ್ತದೆ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಹತ್ತು ಮೀಟರ್ ಏರಿದರೆ ಒತ್ತಡ ಸುಮಾರು ಒಂದು ಮಿಲಿಬಾರ್ ಇಳಿಯುತ್ತದೆ. ಆದರೆ ಓಡುವ ಕಾರಿನ ಕಿಟಕಿ ಇಳಿಸಿದರೂ ಅಷ್ಟೇ ವ್ಯತ್ಯಾಸ ಬರಬಹುದು. ಅದನ್ನೂ ಒಂದೇ ಸಾಕ್ಷಿಯಾಗಿ ನಂಬುವ ಹಾಗಿಲ್ಲ.

ನನಗೆ ಇದರಲ್ಲಿ ಎಲ್ಲಕ್ಕಿಂತ ಚಂದ ಅನ್ನಿಸುವುದು ಬೇರೆ. ಮೇಲಿನ ರಸ್ತೆಯಲ್ಲಿ ಇಡೀ ಆಕಾಶ ತೆರೆದಿರುತ್ತದೆ. ಕೆಳಗಿನ ರಸ್ತೆಯಲ್ಲಿ ನೆತ್ತಿಯ ಮೇಲಿನ ಉಪಗ್ರಹಗಳೆಲ್ಲ ಒಟ್ಟಿಗೆ ಮಾಯವಾಗಿ, ಪಕ್ಕದಿಂದ ಬರುವವು ಮಾತ್ರ ಉಳಿಯುತ್ತವೆ. ಯಾವ ಉಪಗ್ರಹ ಕಾಣುತ್ತಿಲ್ಲ ಅನ್ನುವುದೇ ಒಂದು ಸುಳಿವು. ಈ ಸುಳಿವುಗಳನ್ನೆಲ್ಲ ಕೂಡಿಸಿದರೆ, ರ‍್ಯಾಂಪ್ ಏರಿ ನೂರಿನ್ನೂರು ಮೀಟರ್ ಹೋಗುವಷ್ಟರಲ್ಲಿ ಉತ್ತರ ಗಟ್ಟಿಯಾಗುತ್ತದೆ.

ಕೊನೆಗೆ ಒಂದು ಕಳಕಳಿಯ ಮಾತು. 2019ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸು, ಕ್ಯಾಬ್ ಮೊದಲಾದ ಸಾರ್ವಜನಿಕ ವಾಹನಗಳಲ್ಲಿ ಜಾಗ ತಿಳಿಸುವ ಪೆಟ್ಟಿಗೆ ಮತ್ತು ತುರ್ತು ಗುಂಡಿ ಇರಬೇಕು ಅನ್ನುವ ನಿಯಮ ಬಂದಿದೆ. ಒಳ್ಳೆಯ ನಿಯಮ. ಆ ಪೆಟ್ಟಿಗೆಗಳಲ್ಲಿ ಗಡಸು ಬ್ರೇಕು, ಅಡ್ಡಾದಿಡ್ಡಿ ತಿರುವು ಗುರುತಿಸಲು ಆಕ್ಸೆಲೆರೋಮೀಟರ್ ಇರುತ್ತದೆ. ಚಾಲಕರ ತಪ್ಪು ಹಿಡಿಯಲು ಅದನ್ನು ಬಳಸುವ ನಾವು, ಸಿಗ್ನಲ್ ಇಲ್ಲದ ಕಡೆ ಜಾಗ ಹುಡುಕಲೂ ಅದನ್ನೇ ಬಳಸಬೇಕು. ಚಾರ್ಮಾಡಿಯ ತಿರುವುಗಳಲ್ಲಿ ಐವತ್ತು ಮೀಟರ್ ಅಂತರದ ಎರಡು ಜಾಗಗಳ ನಡುವೆ ರಸ್ತೆಯಲ್ಲಿ ಎಷ್ಟೋ ಸುತ್ತು ಇರಬಹುದು. ಅಲ್ಲಿ ಯಾರಾದರೂ ತುರ್ತು ಗುಂಡಿ ಒತ್ತಿದರೆ, ಜಾಗದ ಜೊತೆ "ಇದು ಎಷ್ಟು ಹಳೆಯ ಲೆಕ್ಕ, ಎಷ್ಟು ಅನುಮಾನ" ಅನ್ನುವುದೂ ಕಂಟ್ರೋಲ್ ರೂಮಿಗೆ ಹೋಗಬೇಕು. ಆಗ ಹುಡುಕಲು ಹೊರಟವರಿಗೆ ಒಂದು ತಿರುವು ನೋಡಬೇಕೋ ಮೂರು ತಿರುವು ನೋಡಬೇಕೋ ಅಂತ ತಿಳಿಯುತ್ತದೆ. ಇದಕ್ಕೆ ಹೊಸ ಸೆನ್ಸರ್ ಬೇಡ. ಸಾಫ್ಟ್‌ವೇರ್ ಬರೆಯುವವರು ಮನಸ್ಸು ಮಾಡಬೇಕು, ಟೆಂಡರ್ ಬರೆಯುವವರು ಕೇಳಬೇಕು.

ಮುಂದೆ ಬಂದ ಪ್ರಶ್ನೆಗಳು.

ಕಾಲೇಜು ವಿದ್ಯಾರ್ಥಿಯೊಬ್ಬ: ನಮ್ಮದೇ ನಾವಿಕ್ ಇದೆಯಲ್ಲ ಮೇಡಂ, ಅದು ಪೂರ್ತಿ ಆದರೆ ಈ ತಲೆನೋವು ಇರಲ್ಲ ಅಲ್ವಾ?

ನಾವಿಕ್, ಅಂದರೆ ಜಿಪಿಎಸ್ ಥರದ ಭಾರತದ ಸ್ವಂತ ಉಪಗ್ರಹ ವ್ಯವಸ್ಥೆ, ಬೇಕು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಅದರ ಲೆಕ್ಕ ನೋಡಿಕೊಳ್ಳುವ ಇಸ್ರೋ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಏಳು ಉಪಗ್ರಹಗಳ ಯೋಜನೆ ಅದು, ನಮ್ಮ ಭಾಗಕ್ಕೆಂದೇ ಜೋಡಿಸಿದ್ದು. 2023ರಲ್ಲಿ ಹಾರಿಸಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರ ಇದೆ. ಸಾಮಾನ್ಯ ರಿಸೀವರುಗಳು ಬಳಸುವ ಎಲ್1 ತರಂಗದಲ್ಲೂ ಅದು ಸಿಗ್ನಲ್ ಕೊಡುತ್ತದೆ. ಉಪಗ್ರಹ ಜಾಸ್ತಿ ಇದ್ದಷ್ಟೂ ಕಟ್ಟಡಗಳ ಸಂದಿಯಲ್ಲಿ ಒಂದೆರಡಾದರೂ ಕಾಣುತ್ತವೆ. ಆದರೆ ಕಾಂಕ್ರೀಟು ಯಾವ ದೇಶದ ಉಪಗ್ರಹಕ್ಕೂ ದಾರಿ ಬಿಡುವುದಿಲ್ಲ. ಒಳಗಿನ ಸೆನ್ಸರ್ ಬೇಕೇ ಬೇಕು.

ಇನ್ನೊಬ್ಬರು: ಫೋನಿನಲ್ಲೂ ಇದೇ ಸೆನ್ಸರ್ ಇದೆ ಅಂದ್ರಿ. ಹಾಗಾದ್ರೆ ಸುರಂಗದಲ್ಲಿ ಫೋನು ಯಾಕೆ ತಡವರಿಸುತ್ತೆ?

ಫೋನಿಗೆ ಚಕ್ರದ ಲೆಕ್ಕ ಸಿಗುವುದಿಲ್ಲ, ಅದು ಮೊದಲ ಕಾರಣ. ಎರಡನೆಯದು, ಫೋನು ಒಂದು ಕಡೆ ಇರುವುದಿಲ್ಲ. ಸ್ಟ್ಯಾಂಡಿನಲ್ಲಿ ಅಲುಗುತ್ತದೆ, ಕೈಗೆ ಬರುತ್ತದೆ, ಸೀಟಿನ ಮೇಲೆ ಬೀಳುತ್ತದೆ. ಕಾರು ತಿರುಗಿತೋ ಫೋನು ಮಾತ್ರ ತಿರುಗಿತೋ ಅಂತ ಬೇರೆ ಮಾಡುವುದು ಕಷ್ಟ. "ಪಕ್ಕಕ್ಕೆ ಹೋಗುವುದಿಲ್ಲ" ಅನ್ನುವ ನಿಯಮ ಕಾರಿಗೆ ಹೊಂದುತ್ತದೆ, ಕೈಯಲ್ಲಿರುವ ಫೋನಿಗೆ ಹೊಂದುವುದಿಲ್ಲ.

ಹಿಂದಿನ ಸಾಲಿನಲ್ಲಿದ್ದ ಬಸ್ ಚಾಲಕರೊಬ್ಬರು: ನಮ್ ಬಸ್ಸಲ್ಲಿ ಆ ಪೆಟ್ಟಿಗೆ ಡ್ಯಾಶ್‌ಬೋರ್ಡಿಗೆ ಅಂಟು ಟೇಪಲ್ಲಿ ಅಂಟಿಸಿದಾರೆ ಮೇಡಂ. ಗಾಡಿ ಓಡ್ತಾ ಇದ್ರೆ ಗಡಗಡ ಅನ್ನತ್ತೆ. ಅದನ್ನ ಎಲ್ಲಿ ಇಟ್ರೆ ಒಳ್ಳೇದು?

ಒಳ್ಳೆಯ ಪ್ರಶ್ನೆ ಕೇಳಿದ್ರಿ ಅಣ್ಣ. ಪೆಟ್ಟಿಗೆಯನ್ನು ಗಾಡಿಯ ಗಟ್ಟಿ ಲೋಹದ ಭಾಗಕ್ಕೆ ಸ್ಕ್ರೂ ಹಾಕಿ ಕೂರಿಸಬೇಕು. ಅಲುಗುವ ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಅದು ಅಳೆಯುವುದು ಪ್ಲಾಸ್ಟಿಕ್ಕಿನ ಅದುರಾಟವನ್ನು, ಬಸ್ಸಿನ ಚಲನೆಯನ್ನಲ್ಲ. ಇಂಜಿನ್ನಿನ ಬಿಸಿ ನೇರ ತಾಗದ ಕಡೆ ಇರಲಿ. ಆಂಟೆನಾಗೆ ಮೇಲೆ ಆಕಾಶ ಕಾಣಬೇಕು, ತಗಡಿನ ಕೆಳಗೆ ಸೇರಿಸಬೇಡಿ. ಸ್ವಲ್ಪ ಸೊಟ್ಟಗೆ ಕೂತರೂ ಚಿಂತೆ ಇಲ್ಲ, ಹಾಗೆ ಕಲಿಯುವಂತೆ ಮಾಡಿದ ಪೆಟ್ಟಿಗೆಯಾದರೆ ಎಷ್ಟು ಸೊಟ್ಟ ಅನ್ನುವುದನ್ನು ಓಡಾಡುತ್ತಾ ಅದೇ ಕಲಿತುಕೊಳ್ಳುತ್ತದೆ. ಆದರೆ ಒಮ್ಮೆ ಕೂರಿಸಿದ ಮೇಲೆ ಅಲುಗಿಸಬಾರದು. ಸರ್ವಿಸಿಗೆ ಬಿಟ್ಟಾಗ ಯಾರಾದರೂ ಬಿಚ್ಚಿ ಹಾಕಿದರೆ, ಡಿಪೋದಿಂದ ಹೊರಟ ಮೇಲೆ ತೆರೆದ ರಸ್ತೆಯಲ್ಲಿ ನಾಲ್ಕಾರು ತಿರುವು, ಒಂದೆರಡು ಕಡೆ ನಿಲ್ಲಿಸಿ ಹೊರಡುವುದು, ಇಷ್ಟು ಆಗಲಿ. ಅಷ್ಟರಲ್ಲಿ ಅದು ಮತ್ತೆ ಹೊಂದಿಕೊಂಡಿರುತ್ತದೆ, ಆಮೇಲೆ ಘಾಟಿಗೆ ಇಳಿಸಬಹುದು.